ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದ ಅಪ್ಪ-ಅಮ್ಮನನ್ನು ಮಗುವಿನ ವಾರ್ಡಿನಿಂದ ಹೊರಗಿಡಬೇಕೇ?

ಪರ

ಪುಟ್ಟ ಮಗುವಿಗೆ ಡ್ರಿಪ್ ಹಾಕಬೇಕು. ಗುಂಡು ಗುಂಡು ಕೈ, ನರ ಸಿಗುತ್ತಿಲ್ಲ. ಎರಡನೇ ಸಲ ಚುಚ್ಚಿದಾಗ ಮಗು ಕಿರುಚುತ್ತದೆ. ಅಪ್ಪ ನರ್ಸ್ ಕೆನ್ನೆಗೆ ಬಾರಿಸುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಏಟು ಏಟೇ.

ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಶೇ. 8ರಿಂದ 38ರಷ್ಟು ಜನ ವೃತ್ತಿಯಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಸಿಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈಗುಳ, ಬೆದರಿಕೆ ಬೇರೆ. ‘ಇದೆಲ್ಲ ಕೆಲಸದಲ್ಲಿ ಇದ್ದದ್ದೇ, ಸುಮ್ನಿರಿ’ ಎಂದು ಎಷ್ಟು ದಿನ ಹೇಳುವುದು?

ನೋವು ನರ್ಸ್‌ಗೇ ಮುಗಿಯುವುದಿಲ್ಲ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯು ತಂಡಗಳ ಜೊತೆ ಒಂದು ಪ್ರಯೋಗ ಮಾಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಗೊಂಬೆಗೆ, ತಾಯಿಯದು ಪಾತ್ರ. ಆ ‘ತಾಯಿ’ ಒರಟಾಗಿ ಮಾತಾಡಿದ್ದಷ್ಟೇ. ರೋಗ ಗುರುತಿಸುವುದು, ಚಿಕಿತ್ಸೆ ಕೊಡುವುದು ಎರಡರಲ್ಲೂ ತಂಡಗಳು ಹಿಂದೆ ಬಿದ್ದವು. ಬರೀ ಮಾತಿಗೇ ಹೀಗಾದರೆ, ಏಟು ತಿಂದವರು ಮುಂದಿನ ಮಗುವಿಗೆ ಔಷಧ ಅಳೆಯುವುದು ಹೇಗೆ? ಮಕ್ಕಳಿಗೆ ಔಷಧ ಕೊಡುವುದು ತೂಕ ನೋಡಿ. ದಶಾಂಶದ ಚುಕ್ಕೆ ಒಂದು ಸ್ಥಾನ ಬಲಕ್ಕೆ ಜರುಗಿದರೆ ಡೋಸ್ ಹತ್ತು ಪಟ್ಟು ಜಾಸ್ತಿಯಾಗುತ್ತದೆ. ಪಕ್ಕದ ಮಂಚದ ಮಗುವಿಗೂ ಅಪ್ಪ ಅಮ್ಮ ಇದ್ದಾರೆ ಅಲ್ವಾ?

ಹೊಡೆದವರು ಹೊರಗಿರಲಿ. ಮನೆಯ ಬೇರೊಬ್ಬರು ಮಗುವಿನ ಜೊತೆ ಇರಲಿ.

ವಿರೋಧ

ಬೇರೊಬ್ಬರು ಇಲ್ಲದಿದ್ದರೆ? ತಾಯಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಬಂದಿದ್ದರೆ? ಆಗ ಶಿಕ್ಷೆ ಬೀಳುವುದು ಮಂಚದ ಮೇಲೆ ಮಲಗಿರುವ ಮಗುವಿಗೆ. ಅದು ಯಾರಿಗೂ ಹೊಡೆದಿಲ್ಲ.

ಹಿಂದೆ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಹೆತ್ತವರನ್ನು ಒಳಗೆ ಬಿಡುತ್ತಿದ್ದದ್ದೇ ಅಪರೂಪ. ಮಕ್ಕಳು ಅತ್ತೂ ಅತ್ತೂ ಕೊನೆಗೆ ಸುಮ್ಮನಾಗುತ್ತಿದ್ದವು. ಹೊಂದಿಕೊಂಡವು ಎಂದು ದೊಡ್ಡವರು ತಿಳಿದರು. ಅದು ಹೊಂದಿಕೆಯಲ್ಲ, ಹತಾಶೆ ಎಂದು ಆಸ್ಪತ್ರೆಯ ಮಕ್ಕಳನ್ನು ಅಧ್ಯಯನ ಮಾಡಿದ ಜೇಮ್ಸ್ ರಾಬರ್ಟ್‌ಸನ್ ತೋರಿಸಿಕೊಟ್ಟರು. ಹೆತ್ತವರು ಯಾವಾಗ ಬಂದರೂ ಬಿಡಿ ಎಂದು ಅಲ್ಲಿನ ಸರ್ಕಾರಿ ಸಮಿತಿಯೊಂದರ 1959ರ ಪ್ಲಾಟ್ ವರದಿ ಹೇಳಿತು. ಅಷ್ಟು ಕಷ್ಟದಿಂದ ತೆರೆದ ಬಾಗಿಲನ್ನು ಮುಚ್ಚುವ ಮುಂಚೆ ಬೇರೆ ದಾರಿಗಳನ್ನೆಲ್ಲ ನೋಡಬೇಕು.

ಏಟಿಗೆ ಮುಂಚಿನ ಗಂಟೆಗಳನ್ನೂ ನೋಡಿ. ಆಪರೇಷನ್ ಇದೆ ಎಂದು ಮಗುವಿಗೆ ಹಾಲು ಕೊಟ್ಟಿಲ್ಲ. ಅದು ಹಸಿವಿಗೆ ಅಳುತ್ತಿದೆ. ಸಂಜೆ ಹೊತ್ತಿಗೆ ಯಾರೋ ಬಂದು ‘ಇವತ್ತಾಗಲ್ಲ, ನಾಳೆ’ ಎಂದು ಹೇಳಿ ಹೋಗುತ್ತಾರೆ. ಯಾಕೆ ಎಂದು ಹೇಳುವುದಿಲ್ಲ. ಅಪ್ಪನ ದನಿ ಏರುತ್ತದೆ, ಅತ್ತಿಂದಿತ್ತ ನಡೆದಾಡುತ್ತಾರೆ, ಮುಷ್ಟಿ ಬಿಗಿಯುತ್ತದೆ. ಈ ಗುರುತುಗಳು ಕಂಡ ಕೂಡಲೇ ಆಸ್ಪತ್ರೆಯ ಹಿರಿಯರೊಬ್ಬರು ಬಂದು ಪಕ್ಕ ಕೂತು ನಿಜ ಹೇಳಿದರೆ ಎಷ್ಟೋ ಸಲ ಕೈ ಮೇಲೇಳುವುದೇ ಇಲ್ಲ.

ಕೆಲವೊಮ್ಮೆ ಹೊಡೆಯುವುದು, ಕಚ್ಚುವುದು ಮಗುವೇ. ಅರಿವಳಿಕೆಯಿಂದ ಏಳುವಾಗ ದಿಕ್ಕು ತಪ್ಪಿದ ಮಗು, ಗದ್ದಲ ತಾಳಲಾಗದ ಆಟಿಸಂ ಇರುವ ಮಗು. ಅವರನ್ನು ಹೊರಗೆ ಹಾಕುವುದಿಲ್ಲವಲ್ಲ. ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ, ಜನ ಹೆಚ್ಚಿಸುತ್ತೇವೆ. ದೊಡ್ಡವರಿಗೆ ಹೊಣೆ ಜಾಸ್ತಿ, ಒಪ್ಪುತ್ತೇನೆ. ಆಯುಧ ಹಿಡಿದವರನ್ನು, ಮಗುವಿಗೇ ಅಪಾಯ ಆಗುವವರನ್ನು ಹೊರಗಿಡಲೇಬೇಕು.

ಉಳಿದವರ ವಿಷಯದಲ್ಲಿ, ಏಟು ತಿಂದ ನರ್ಸ್ ಮತ್ತೆ ಆ ಮಂಚದ ಹತ್ತಿರ ಹೋಗಬೇಕಾಗಿ ಬರಬಾರದು. ಪೊಲೀಸ್ ದೂರು ತನ್ನ ಪಾಡಿಗೆ ನಡೆಯಲಿ. ರಾತ್ರಿ ಮಗು ಎಚ್ಚರವಾಗಿ ಕೈ ಚಾಚಿದಾಗ ಅಪ್ಪ ಪಕ್ಕದಲ್ಲಿರಲಿ, ಬಾಗಿಲಲ್ಲಿ ಸೆಕ್ಯುರಿಟಿಯವರು ಇರಲಿ.