ಕಡಲತೀರಕ್ಕೂ ಎರಡು ತಿಂಗಳು ರಜೆ

ಥಾಯ್ಲೆಂಡಿನ ಮಾಯಾ ಬೇ ಕಡಲತೀರವು 2022ರಿಂದೀಚೆಗೆ ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳು ರಜೆಯ ಮೇಲೆ ಹೋಗುತ್ತಿರುವುದು ಓದುಗರಿಗೆ ಗೊತ್ತೇ ಇದೆ. ರಜೆ ಕಳೆಯಲೆಂದು ನಾವು ಹೋಗುವ ಜಾಗವೇ ನಮ್ಮ ಕಾಟ ತಾಳಲಾರದೆ ರಜೆ ಚೀಟಿ ಬರೆದಿಟ್ಟು ಕದ ಹಾಕಿಕೊಳ್ಳುತ್ತಿದೆ. ಈ ವಿಷಯ ತಿಳಿದು ನನ್ನ ಮಿತ್ರರೊಬ್ಬರು ಬಹಳ ನೊಂದುಕೊಂಡರು. ಕಡಲತೀರದ ಆರೋಗ್ಯ ನೆನೆದು ನೊಂದರೆಂದು ನಾನು ಮೊದಲು ಭಾವಿಸಿದ್ದೆ. ಆಮೇಲೆ ವಿಚಾರಿಸಿದಾಗ, ಅವರ ಕಚೇರಿಯಲ್ಲಿ ರಜೆ ಮಂಜೂರಾಗಿರುವುದೂ ಆಗಸ್ಟ್ ತಿಂಗಳಿಗೇ ಎಂದು ಗೊತ್ತಾಯಿತು.

ಆ ತೀರ ಪಡೆದು ಬಂದ ಹಣೆಬರಹವೇ ಅಂಥದ್ದು. ಕಳೆದ ಶತಮಾನದ ಕೊನೆಯಲ್ಲಿ ಹಾಲಿವುಡ್‌ನವರು ಚಿತ್ರೀಕರಣಕ್ಕೆಂದು ಅಲ್ಲಿಗೆ ಬಂದಾಗ, ಸ್ವರ್ಗದ ಪಾತ್ರ ವಹಿಸುವಷ್ಟು ರೂಪ ಅದಕ್ಕಿಲ್ಲ ಎಂದು ಅವರಿಗೆ ಅನ್ನಿಸಿತು. ಕೂಡಲೇ ಬುಲ್ಡೋಜರ್ ತರಿಸಿ ಮರಳ ದಿಬ್ಬಗಳನ್ನು ತಟ್ಟಿ ಸಮ ಮಾಡಿ, ಅಲ್ಲೇ ಹುಟ್ಟಿ ಬೆಳೆದಿದ್ದ ಗಿಡಗಳನ್ನು ಕಿತ್ತು, ತೆಂಗಿನ ಮರಗಳನ್ನು ತಂದು ನೆಟ್ಟು, ಪ್ರಕೃತಿಗೆ ಪ್ರಕೃತಿಯ ವೇಷ ಹಾಕಿಸಿದರು. ಚಿತ್ರ 2000ದಲ್ಲಿ ತೆರೆಕಂಡಿತು. ಮರಳು ಕೆದಕಿದ್ದರ ಮೇಲಿನ ಮೊಕದ್ದಮೆ ಮಾತ್ರ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನ ಕಂಡದ್ದು 2022ರಲ್ಲಿ. ಅಷ್ಟರೊಳಗೆ ಚಿತ್ರ ನೋಡಿದವರೆಲ್ಲ, ಯಾರಿಗೂ ಗೊತ್ತಿಲ್ಲದ ಆ ಏಕಾಂತ ತೀರವನ್ನು ಹುಡುಕಿಕೊಂಡು, ದಿನಕ್ಕೆ ಐದು ಸಾವಿರದವರೆಗೆ ಒಟ್ಟಾಗಿ ಬಂದರು. 2018ರ ಜೂನ್‌ನಲ್ಲಿ ನಾಲ್ಕು ತಿಂಗಳ ಮಟ್ಟಿಗೆಂದು ಮುಚ್ಚಿದ ತೀರವು ಮೂರೂವರೆ ವರ್ಷ ತೆರೆಯಲಿಲ್ಲ. ಆ ಬಿಡುವಿನಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಒಂದೊಂದಾಗಿ ಮನೆಗೆ ಮರಳಿದವು. ಈಗ ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು, ಒಳಗೆ ಹೋದವರು ಈಜುವಂತಿಲ್ಲ. ಸ್ವರ್ಗದವರೆಗೂ ಹೋಗಿ ಮೊಣಕಾಲುದ್ದ ನೀರಿನಲ್ಲಿ ಫೋಟೊ ತೆಗೆಸಿಕೊಂಡು ಬರುವ ಭಾಗ್ಯ ನಮ್ಮದು.

ಮಿತ್ರರು ಎದೆಗುಂದುವವರಲ್ಲ. ಅವರಿಗೆ ಬೇಕಾಗಿರುವುದು 'ಯಾರೂ ಕಾಲಿಡದ ದ್ವೀಪ', ಮತ್ತು ಅದಕ್ಕೆ ಗಿರಾಕಿಗಳು ಬರೆದ ಕನಿಷ್ಠ ಎರಡು ಸಾವಿರ ವಿಮರ್ಶೆಗಳು. ಯಾರೂ ಕಾಲಿಡದ ಆ ಮರಳಿನ ಮೇಲೆ ಆರಾಮ ಕುರ್ಚಿಯನ್ನು ಹಾಕಿದವರು ಯಾರು, ಅದರ ಮೇಲೆ ಟವೆಲನ್ನು ಹಂಸದ ಆಕಾರದಲ್ಲಿ ಮಡಚಿಟ್ಟವರು ಯಾರು ಎಂದು ನಾನು ಕೇಳಬಾರದಿತ್ತು. ಕಡಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಖಾಸಗಿ ಈಜುಕೊಳವೂ ಇರಬೇಕಂತೆ. ಕುಡಿಯುವ ನೀರಿಗೇ ಸಮುದ್ರದ ಉಪ್ಪನ್ನು ಯಂತ್ರದಿಂದ ಸೋಸಬೇಕಾದ ದ್ವೀಪಗಳಲ್ಲಿ, ಸಮುದ್ರವನ್ನು ನೋಡುತ್ತ ಮುಳುಗಿ ಕೂರಲು ಇನ್ನೊಂದು ಸಣ್ಣ ಸಮುದ್ರ.

ಇನ್ನು ಸ್ಕೂಬಾ. ನೀರಿನೊಳಗೆ ಬೇಕೆಂದಾಗ ಬೇಕಾದಷ್ಟೇ ಗಾಳಿ ಕೊಡುವ ಉಪಕರಣವನ್ನು ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ರೂಪಿಸಿದಾಗ, ಮನುಷ್ಯ ಇನ್ನು ಮೀನಿನಂತೆ ಮೌನವಾಗಿ ಕಡಲನ್ನು ನೋಡಬಹುದು ಎಂಬ ಆಸೆ ಅವರಿಗಿದ್ದಿರಬಹುದು. ಮನುಷ್ಯ ಕ್ಯಾಮೆರಾ ಹಿಡಿದುಕೊಂಡು ಇಳಿದ. ಕಡಲಡಿಯ ಭಾಷೆಯಲ್ಲಿ 'ಎಲ್ಲ ಸರಿಯಿದೆ' ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಬೇಕು. ಹೆಬ್ಬೆರಳನ್ನು ಎತ್ತಿ ತೋರಿಸಿದರೆ 'ಮೇಲಕ್ಕೆ ಹೋಗೋಣ' ಎಂದು ಅರ್ಥ. ದಡದ ಮೇಲೆ ಊಟ ಬಂದರೂ, ಮಗು ಹುಟ್ಟಿದರೂ, ಯಾರಾದರೂ ಸತ್ತರೂ ಹೆಬ್ಬೆರಳನ್ನೇ ಒತ್ತಿ ಕಳಿಸಿ ರೂಢಿಯಾಗಿರುವ ನಮ್ಮ ಜನ, ಮೊದಲ ಆಮೆ ಕಂಡ ಕೂಡಲೇ ಸಂತೋಷದಿಂದ ಹೆಬ್ಬೆರಳೆತ್ತುತ್ತಾರೆ. ತರಬೇತುದಾರ ಗಾಬರಿಯಿಂದ ಅವರ ತೋಳು ಹಿಡಿದು ಮೇಲಕ್ಕೆ ಎಳೆದೊಯ್ಯುತ್ತಾನೆ. ಆಮೆ ನಿಟ್ಟುಸಿರು ಬಿಡುತ್ತದೆ ಎಂದು ನನ್ನ ಊಹೆ.

ಮಿತ್ರರ ಯೋಜನೆಯ ಪಟ್ಟಿಯಲ್ಲಿ ಕೊನೆಯ ದಿನ ಬೆಳಗ್ಗೆ ಎರಡು ಡೈವ್, ಮಧ್ಯಾಹ್ನ ವಿಮಾನ. ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಕುಳಿತ ನೈಟ್ರೋಜನ್ ನಿಧಾನವಾಗಿ ಹೊರಬೀಳಬೇಕು, ಆದ್ದರಿಂದ ಮೇಲಿಂದ ಮೇಲೆ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆ ಏಳಬಹುದು ಎಂದು ತಿಳಿಸಿದೆ. ಹದಿನೆಂಟು ಗಂಟೆ ಸುಮ್ಮನೆ ಕೂರುವುದಾದರೆ ಅಷ್ಟು ದೂರ ಏಕೆ ಹೋಗಬೇಕು ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ, ದ್ವೀಪಕ್ಕೆ ಹೋಗಿ ಸುಮ್ಮನೆ ಕೂರುವುದು ಯಾರ ಯೋಜನೆಯಲ್ಲೂ ಇಲ್ಲ. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ ಎಂದು ಕೇಳುವ ಆರೋಗ್ಯ ಪತ್ರದಲ್ಲಿ ಓದುವ ಮೊದಲೇ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕುವ ಧೀರರೂ ಇವರೇ.

ಅವರಿಗೆ ಇಷ್ಟು ಆತುರವೇಕೆ ಎಂದರೆ, ಹವಳದ ದಿಬ್ಬಗಳು ಹೆಚ್ಚು ದಿನ ಇರುವುದಿಲ್ಲವಂತೆ, ಅಷ್ಟರೊಳಗೆ ನೋಡಿ ಬಿಡಬೇಕಂತೆ. ಸಾವಿನ ಹಾಸಿಗೆಯಲ್ಲಿರುವವರ ಮನೆಗೆ ಬೇಗ ಬೇಗ ಹೋಗಿ ಅವರೊಂದಿಗೆ ಸೆಲ್ಫಿ ತೆಗೆದುಕೊಂಡು ಬರುವ ಆತ್ಮೀಯತೆ ಇದು. ಜಗತ್ತಿನ ಹವಳಗಳು ನಾಲ್ಕನೆಯ ಬಾರಿ ಸಾಮೂಹಿಕವಾಗಿ ಬಿಳಿಚುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಕಡಲಿನ ಬಿಸಿ ಬೇಸಿಗೆಯ ಸಾಮಾನ್ಯ ಮಿತಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಇಳಿಯದಿದ್ದರೆ ಸಾಕು, ತನ್ನೊಳಗಿದ್ದು ಅನ್ನವನ್ನೂ ಬಣ್ಣವನ್ನೂ ಕೊಡುತ್ತಿದ್ದ ಪಾಚಿಯನ್ನು ಹವಳ ಹೊರಗೆ ತಳ್ಳಿ, ಉಪವಾಸ ಬಿದ್ದು ಬೆಳ್ಳಗಾಗುತ್ತದೆ. ಆ ಬಿಳುಪಿನ ಫೋಟೊ ನೋಡಿದ ಮಿತ್ರರು 'ಎಷ್ಟು ಶುಭ್ರ!' ಎಂದು ಉದ್ಗರಿಸಿದರು.

ನನಗೆ ಇಲ್ಲಿ ನಗು ಬರುವುದಿಲ್ಲ. ಸಾವಿರಾರು ಕಿಲೋಮೀಟರ್ ಇಂಧನ ಸುಟ್ಟು ಹೋಗಿ, ಸುಟ್ಟದ್ದರ ಫಲವನ್ನೇ ನೀರಿನ ಕನ್ನಡಕದೊಳಗಿಂದ ನೋಡಿ, ಅಯ್ಯೋ ಎಂದು ಅದೇ ವಿಮಾನದಲ್ಲಿ ಮರಳುವುದಕ್ಕೆ ಪ್ರವಾಸ ಎಂದು ಹೆಸರಿಟ್ಟಿದ್ದೇವೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯದ ಹವಳದ ಬಂಡೆಯ ಮೇಲೆ ಆಯ ತಪ್ಪಿ ರಬ್ಬರ್ ರೆಕ್ಕೆಯ ಪಾದ ಊರುತ್ತೇವೆ. 2020ರಲ್ಲಿ ಪಲಾವು ದೇಶ, 2021ರಲ್ಲಿ ಹವಾಯಿ, ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್ ತಡೆಯುವ ಕಾನೂನು ಜಾರಿಗೆ ತಂದವು. ಮೈಗೆ ಏನು ಬಳಿದುಕೊಂಡು ನೀರಿಗೆ ಇಳಿಯಬೇಕು ಎಂಬುದನ್ನೂ ಸರ್ಕಾರವೇ ಹೇಳಿಕೊಡಬೇಕಾದಷ್ಟು ದೊಡ್ಡವರಾಗಿ ಬೆಳೆದಿದ್ದೇವೆ.

ಮಾಲ್ಡೀವ್ಸ್‌ನ ಮಂತ್ರಿಮಂಡಲ 2009ರ ಅಕ್ಟೋಬರ್ 17ರಂದು ಸ್ಕೂಬಾ ಉಡುಪು ತೊಟ್ಟು ಕಡಲಡಿಯಲ್ಲಿ ಸಭೆ ನಡೆಸಿ, ನಮ್ಮ ನೆಲ ಸರಾಸರಿ ಒಂದೂವರೆ ಮೀಟರ್ ಎತ್ತರವಷ್ಟೇ ಇದೆ, ನಾವು ಮುಳುಗುತ್ತಿದ್ದೇವೆ ಎಂದು ಲೋಕಕ್ಕೆ ಸಾರಿತು. ಜಗತ್ತು ಆ ಫೋಟೊವನ್ನು ಬಹಳ ಗಂಭೀರವಾಗಿ ನೋಡಿ, ನೀರು ಎಷ್ಟು ತಿಳಿಯಾಗಿದೆ ಎಂದುಕೊಂಡು ಟಿಕೆಟ್ ಕಾಯ್ದಿರಿಸಿತು. ಅಲ್ಲಿ ಹೋಗಿ ಉಂಡು ಕುಡಿದು ಎಸೆದದ್ದೆಲ್ಲ ರಾಜಧಾನಿ ಮಾಲೆಯ ಪಕ್ಕದ ತಿಲಾಫುಶಿ ಎಂಬ ಕಡೆ ರಾಶಿ ಬಿದ್ದು, ಒಂದು ಕಾಲಕ್ಕೆ ಹಿನ್ನೀರಾಗಿದ್ದ ಜಾಗ ಈಗ ಕಸದ ದ್ವೀಪವಾಗಿದೆ. ಮಿತ್ರರಿಗೆ ನಾನು ಅದನ್ನೇ ಸೂಚಿಸಿದೆ: ಪ್ರವಾಸಿಗರ ಗದ್ದಲವಿಲ್ಲ, ಆಗಸ್ಟ್‌ನಲ್ಲಿಯೂ ತೆರೆದಿರುತ್ತದೆ, ಅಲ್ಲಿ ಕಾಲಿಡಲು ಯಾರೂ ಹಾತೊರೆಯುವುದಿಲ್ಲ. ಅವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಮೂರನೆಯ ದಿನ ಉತ್ಸಾಹದಿಂದ ಕರೆ ಮಾಡಿ, ಇನ್ನೊಂದು ದ್ವೀಪ ಸಿಕ್ಕಿದೆ, ಇನ್ನೂ ಯಾರೂ ಹಾಳು ಮಾಡಿಲ್ಲವಂತೆ, ಗುಂಪಿನಲ್ಲಿ ನಲವತ್ತು ಜನ ಆದರೆ ರಿಯಾಯಿತಿಯಂತೆ, ನೀವೂ ಬರುತ್ತೀರಾ ಎಂದು ಕೇಳಿದರು.