ನಾರು ಹಸುವಿಗೆ, ನೀರು ನಮಗೆ

ಕೋಲಾರದಲ್ಲಿ ಈಗ ಎರಡೇ ಪಕ್ಷ. ಒಂದು ಜ್ಯೂಸ್ ಪಕ್ಷ, ಇನ್ನೊಂದು ಫ್ರೋಜನ್ ಪಕ್ಷ. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆ ಸಾಕು, ಸದನ ಶುರು. ತರಕಾರಿ ರಸದಲ್ಲಿ ಸತ್ವ ಜಾಸ್ತಿಯೋ, ಪ್ಯಾಕೆಟ್ಟಿನಲ್ಲಿ ಕಲ್ಲಾಗಿರುವ ತರಕಾರಿಯಲ್ಲೋ? ಅದೇ ಊರಿನ ಎಪಿಎಂಸಿಯಲ್ಲಿ ಲಾರಿಗಟ್ಟಲೆ ಟೊಮೆಟೊ ಇಳಿಯುತ್ತಿರುತ್ತದೆ. ಅದರ ಬಗ್ಗೆ ಚರ್ಚೆಗೆ ಅವಕಾಶವಿಲ್ಲ. ತಾಜಾ ತರಕಾರಿ, ಪಾಪ, ಪಕ್ಷೇತರ.

ಜ್ಯೂಸ್ ಪಕ್ಷದ ಕಚೇರಿ ಪಾರ್ಕ್ ಗೇಟಿನ ಗಾಡಿ. ಬೂದುಗುಂಬಳ, ಹಾಗಲ, ಬೀಟ್‌ರೂಟ್, ಕ್ಯಾರೆಟ್. ಗಾಡಿಯವನು ಮಿಕ್ಸಿಗೆ ಹಾಕಿ ರುಬ್ಬುತ್ತಾನೆ, ಬಿಳಿ ಬಟ್ಟೆಗೆ ಸುರಿದು ಹಿಂಡುತ್ತಾನೆ. ಲೋಟಕ್ಕೆ ಕೆಂಪು ನೀರು, ಬಕೆಟ್ಟಿಗೆ ಚರಟ. ಬಕೆಟ್ಟಿನ ಪಕ್ಕ ಒಂದು ಹಸು ದಿನಾ ಹಾಜರ್. ನಾರೆಲ್ಲ ಅದರ ಹೊಟ್ಟೆಗೆ. ನಮ್ಮ ನಾಯಕರು ಲೋಟ ಖಾಲಿ ಮಾಡಿ, ಹೋಗುವ ದಾರಿಯಲ್ಲಿ ಮೆಡಿಕಲ್ ಸ್ಟೋರಿಗೆ ನುಗ್ಗಿ ಇಸಬ್‌ಗೋಲ್ ಡಬ್ಬ ತಗೊಳ್ತಾರೆ. ಅದೂ ನಾರೇ ಸಾರ್! ದುಡ್ಡು ಮಾತ್ರ ಬೇರೆ.

ಬಾಟಲಿಯ ತರಕಾರಿ ಜ್ಯೂಸಿನದು ಇನ್ನೊಂದು ಕಥೆ. ಎಷ್ಟೋ ಬಾಟಲಿಗಳಲ್ಲಿ ರುಚಿಗೆ ಉಪ್ಪು ಧಾರಾಳ. ದಿನಕ್ಕೆ 5 ಗ್ರಾಂ ಉಪ್ಪು ದಾಟಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮವರು ಬಿಪಿ ಮಾತ್ರೆಯನ್ನೇ ಆ ಜ್ಯೂಸಿನಲ್ಲಿ ನುಂಗುತ್ತಾರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಲೆಕ್ಕ ಇನ್ನೂ ಕಟ್ಟುನಿಟ್ಟು. ದಿನಕ್ಕೆ ತಿನ್ನಬೇಕಾದ ಹಣ್ಣು-ತರಕಾರಿಯ ಪಾಲುಗಳಲ್ಲಿ 150 ಎಂಎಲ್ ಜ್ಯೂಸಿಗೆ ಒಂದು ಪಾಲು. ಆಮೇಲೆ ಕೊಡಗಟ್ಟಲೆ ಕುಡಿದರೂ ಒಂದೇ ಪಾಲು.

ಇನ್ನು ಫ್ರೋಜನ್. ಬಟಾಣಿಯನ್ನು ಬಿಡಿಸಿ, ಬಿಸಿನೀರಲ್ಲಿ ಅದ್ದಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಆ ಬಿಸಿನೀರಿನ ಜೊತೆ ವಿಟಮಿನ್ ಸಿ, ಫೋಲೇಟ್ ಅನ್ನುವ ಬಿ ವಿಟಮಿನ್ ಒಂದಿಷ್ಟು ಹೋಗುತ್ತವೆ. (ನಮ್ಮನೆಗಳಲ್ಲಾದರೆ ಬಸಿದ ಕಟ್ಟಿನಲ್ಲೇ ಬಸ್ಸಾರು ಆಗುತ್ತಿತ್ತು.) ಉಳಿದದ್ದು ತಿಂಗಳುಗಟ್ಟಲೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನಾರಂತೂ ಎಲ್ಲೂ ಹೋಗಲ್ಲ. ಅಂಗಡಿ ಬುಟ್ಟಿಯಲ್ಲಿ ನಾಲ್ಕೈದು ದಿನ ಬಾಡಿದ ಬಟಾಣಿಗಿಂತ ಇದರಲ್ಲೇ ವಿಟಮಿನ್ ಸಿ ಜಾಸ್ತಿ ಉಳಿದಿರಬಹುದು. ಮತ ಎಣಿಸಿದರೆ ಜ್ಯೂಸಿಗೆ ಠೇವಣಿ ಹೋಗುತ್ತದೆ. ಆದರೆ ಕರೆಂಟ್ ಹೋದಾಗ ಕರಗಿ, ಬಂದಾಗ ಮತ್ತೆ ಗಡ್ಡೆಕಟ್ಟುವ ಪ್ಯಾಕೆಟ್ಟಿನ ಬಗ್ಗೆ ಕೇಳಿದರೆ ಫ್ರೋಜನ್ ಪಕ್ಷ ಸಭಾತ್ಯಾಗ ಮಾಡುತ್ತದೆ.

"ಅದು ತರಕಾರಿ ಅಲ್ಲ ಕಣ್ರೀ, ಐಸಲ್ಲಿಟ್ಟ ಹೆಣ" ಅನ್ನುವುದು ಜ್ಯೂಸ್ ಪಕ್ಷದ ಹಿರಿಯರ ಖಾಯಂ ಭಾಷಣ. ಅವರ ಮನೆ ಫ್ರೀಜರ್ ತೆಗೆದು ನೋಡಿ. ಸಂಕ್ರಾಂತಿಗೆ ಹಿತಕಿದ ಅವರೆಕಾಳು ಯುಗಾದಿವರೆಗೂ ಕವರಿನಲ್ಲಿ ಭದ್ರ.

"ಇದು ಫ್ರೋಜನ್ ಅಲ್ವಾ ಸಾರ್?"

"ಏಯ್, ಅದು ನಮ್ಮನೇದು!"

2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಎರಡೂ ಪಕ್ಷ ಒಂದಾಗಿ ರೈತನನ್ನು ಬೈದಿದ್ದವು. ಬೆಲೆ ಬಿದ್ದು ರೈತ ರಸ್ತೆ ಬದಿಗೆ ಸುರಿಯುವಾಗ ಮಾತ್ರ ಕೋರಂ ಇರಲ್ಲ.

ಈಗ ಮೂರನೇ ಪಕ್ಷವೂ ಹುಟ್ಟಿದೆ. ಟೊಮೆಟೊದ ಕೆಂಪು ಬಣ್ಣವಿದೆಯಲ್ಲ, ಲೈಕೋಪೀನ್, ಅದರ ಮಾತ್ರೆ. ಟೊಮೆಟೊವನ್ನು ಎಣ್ಣೆ ಹಾಕಿ ಬೇಯಿಸಿದರೆ ಅದೇ ಲೈಕೋಪೀನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಅಂದರೆ ಗೊಜ್ಜು ಮಾಡಿದರೆ ಸಾಕು. ಆದರೆ ಗೊಜ್ಜಿಗೆ ಡಬ್ಬವಿಲ್ಲ, ಲೇಬಲ್ ಇಲ್ಲ. ಹೊಸ ಪಕ್ಷದ ಅಧ್ಯಕ್ಷರು ಡಬ್ಬ ತೋರಿಸಿದರು. ಮೇಲೆ ದಪ್ಪನೆಯ ಟೊಮೆಟೊ ಚಿತ್ರ.

"ಎಲ್ಲಿ ಬೆಳೆದದ್ದು ಸಾರ್?" ಅಂದೆ.

"ಇಂಪೋರ್ಟೆಡ್ ಕಣಯ್ಯಾ," ಅಂದರು, ಎಪಿಎಂಸಿ ಲಾರಿಗೆ ದಾರಿ ಬಿಡುತ್ತಾ.