ಮೊದಲು ಕಿವಿಗೊಟ್ಟು ಕೇಳಿ, ಆಮೇಲೆ ತೂತು ಮುಚ್ಚಿ

ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ಒಬ್ಬರು ಕೇಳಿದ್ದರು: "ಬಾತ್‌ರೂಮ್ ವೆಂಟಿಲೇಟರ್‌ನಲ್ಲಿ ಅಳಿಲು ಗೂಡು ಕಟ್ಟಿದೆ, ಹೇಗೆ ಓಡಿಸೋದು?" ಅರ್ಧ ಗಂಟೆಯೊಳಗೆ ಉತ್ತರಗಳ ಸುರಿಮಳೆ. ಇಲಿ ಹಿಡಿಯುವ ಅಂಟಿನ ಹಲಗೆ ಇಡಿ, ನುಸಿಗುಳಿಗೆ ಹಾಕಿ, ಸಿಮೆಂಟ್ ಮೆತ್ತಿಸಿಬಿಡಿ. ಒಳಗೆ ಮರಿ ಇದೆಯಾ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನಾನು ಅಲ್ಲಿ ಎರಡು ಸಾಲು ಬರೆದೆ. ಸಾಲದು ಅನ್ನಿಸಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

6 ವರ್ಷದ ಹಿಂದೆ ಹಾಗೆ ಸಿಮೆಂಟ್ ಮೆತ್ತಿಸಿದವಳು ನಾನು. ಮೈಸೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೆಟ್ಟು ತೆಗೆಸಿದ್ದೆವು. ಒಳಗಡೆಯಿಂದ ಒಂದು ಪ್ಲೈವುಡ್ ತುಂಡು ಹೊಡೆದು ಸುಮ್ಮನಾಗಿದ್ದೆವು, ಹೊರಗಿನ ತೂತು ಹಾಗೇ ಇತ್ತು. ಅಳಿಲಿಗೆ ಅದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ ಸಿಗಬೇಕು? ಪೆಸ್ಟ್ ಕಂಟ್ರೋಲ್‌ನವರು ಬಂದು ಟಾರ್ಚ್ ಬಿಟ್ಟು ನೋಡಿ, "ಈಗ ಹೊರಗೆ ಹೋಗಿದೆ ಮೇಡಂ, ಇದೇ ಸರಿಯಾದ ಟೈಮು, ಮುಚ್ಚಿಸಿಬಿಡಿ" ಅಂದರು. ನಾನೂ ಹೂಂ ಅಂದೆ.

ತಾಯಿ ಹೊರಗೆ ಹೋಗಿದ್ದು ನಿಜ. ಸಂಜೆ ವಾಪಸ್ ಬಂತು. ಹಸಿ ಸಿಮೆಂಟನ್ನು ಕೆರೆಯಿತು. ಕಿಟಕಿ ಸರಳಿಗೆ ತಲೆಕೆಳಗಾಗಿ ಜೋತುಬಿದ್ದು ಬಾಲ ಜಾಡಿಸಿ ಜಾಡಿಸಿ ಕೂಗಿತು. ಕತ್ತಲಾದರೂ ಅಲ್ಲೇ ಇತ್ತು. ಕತ್ತಲಾದ ಮೇಲೆ ಅಳಿಲು ಹೊರಗಿರುವುದನ್ನು ನೀವು ಎಂದಾದರೂ ನೋಡಿದ್ದೀರಾ? ಅದು ಹಗಲಿನ ಪ್ರಾಣಿ. ನನಗೆ ಅಷ್ಟಕ್ಕೇ ಅರ್ಥವಾಗಬೇಕಿತ್ತು, ಆಗಲಿಲ್ಲ. ಬೆಳಗ್ಗೆ ಅಮ್ಮ ಕಾಫಿ ಕಾಸುತ್ತಾ, "ಗೋಡೆ ಒಳಗಿಂದ ಏನೋ ಸದ್ದು ಬರ್ತಿದೆಯಲ್ಲೇ" ಅಂದರು.

ಪ್ಲೈವುಡ್ ಕಿತ್ತಾಗ ಸಿಕ್ಕಿದ್ದು 3 ಮರಿ. ಎರಡರ ಜೀವ ಹೋಗಿತ್ತು. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ತುಪ್ಪಳ ಕೂಡ ಸರಿಯಾಗಿ ಬಂದಿರಲಿಲ್ಲ, ಬೆನ್ನಿನ ಮೇಲಿನ ಮೂರು ಗೆರೆ ಮಾತ್ರ ಆಗಲೇ ಮೂಡಿತ್ತು. ಉಳಿದ ಒಂದನ್ನು ಗೂಡಿನ ಸಮೇತ ಚಪ್ಪಲಿ ಡಬ್ಬಿಯಲ್ಲಿಟ್ಟು ಕಿಟಕಿಯಾಚೆ ಸಜ್ಜಾ ಮೇಲಿಟ್ಟು ನಾವು ದೂರ ಸರಿದೆವು. ಅರ್ಧ ಗಂಟೆಯಾಗಿರಬೇಕು, ತಾಯಿ ಬಂತು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಎದುರಿನ ಮಾವಿನ ಮರಕ್ಕೆ ಹೋಯಿತು. ಆಮೇಲೆ ಮತ್ತೆ ಬಂತು. ಡಬ್ಬಿಯೊಳಗೆ ಮೂಗು ತೂರಿಸಿ ಹುಡುಕಿತು. ಮಧ್ಯಾಹ್ನದವರೆಗೂ ಬರುತ್ತಲೇ ಇತ್ತು.

ಆ ಗೂಡನ್ನು ಆಮೇಲೆ ಬಿಡಿಸಿ ನೋಡಿದೆ. ಪಾತ್ರೆ ಉಜ್ಜುವ ತೆಂಗಿನ ನಾರು, ದೇವರ ದೀಪದ ಹೂಬತ್ತಿ, ನೆಲ ಒರೆಸುವ ಮಾಪಿನ ನೀಲಿ ದಾರ, ದಿಂಬಿನ ಹತ್ತಿ, ನಡುವೆ ಬಾಚಣಿಗೆಯಿಂದ ಬಿಡಿಸಿ ಎಸೆದಿದ್ದ ಅಮ್ಮನ ಬಿಳಿ ಕೂದಲು. ಎಲ್ಲವೂ ನಮ್ಮ ಮನೆಯದೇ. ಎಷ್ಟು ದಿನದಿಂದ ಒಂದೊಂದೇ ಎಳೆ ಹೊತ್ತು ತಂದಿತ್ತೋ.

ಹಾಗಂತ ಅಳಿಲನ್ನು ಮನೆಯೊಳಗೆ ಸಾಕಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದರ ಮುಂದಿನ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ವಿಧಿಯಿಲ್ಲ. ಎಸಿ ವೈರು, ಇನ್ವರ್ಟರ್ ವೈರು, ಗೀಸರ್ ಪೈಪಿಗೆ ಸುತ್ತಿದ ಸ್ಪಂಜು ಎಲ್ಲಕ್ಕೂ ಬಾಯಿ ಹಾಕುತ್ತದೆ. ವೈರಿನ ತಾಮ್ರ ಬರಿಮೈಯಾಗಿ ಶಾರ್ಟ್ ಆದರೆ ಮನೆಗೇ ಬೆಂಕಿ. ಕಡಿದ ವೈರು ಕಂಡರೆ ಮೊದಲು ಮೇನ್ ಆಫ್ ಮಾಡಿ, ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಅಳಿಲು ಹೊರಗೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಹಟ ಇರುವುದು ಯಾವುದನ್ನು ಮೊದಲು ಮಾಡಬೇಕು ಅನ್ನುವುದರ ಬಗ್ಗೆ.

ಅದನ್ನು ನನಗೆ ಕಲಿಸಿಕೊಟ್ಟವರು ಒಬ್ಬ ಮೇಸ್ತ್ರಿ. ಹೋದ ವರ್ಷ ನಂಜನಗೂಡು ಕಡೆಯ ನಮ್ಮ ಹಳೇ ಹೆಂಚಿನ ಮನೆ ರಿಪೇರಿ ಮಾಡಿಸುತ್ತಿದ್ದೆವು. ಸೂರಿನಲ್ಲಿ ಹೆಂಚಿಗೂ ಗೋಡೆಗೂ ನಡುವಿನ ಸಂದಿಯಿಂದ ಅಳಿಲುಗಳು ಅಟ್ಟಕ್ಕೆ ಇಳಿದು ಹುಣಸೆಹಣ್ಣಿನ ಮೂಟೆಯ ಹಿಂದೆ ಸಂಸಾರ ಹೂಡಿದ್ದವು. ಮೇಸ್ತ್ರಿ ಏಣಿ ಹತ್ತಿ, ತೊಲೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

"ಇವತ್ತು ಮುಚ್ಚಬ್ಯಾಡಿ ಕಣ್ರಮ್ಮ. ಮರಿ ಅವೆ."

"ಎಷ್ಟು ದಿನ ಬಿಡಬೇಕು ಮೇಸ್ತ್ರಿ?"

"ಅವು ರೀಪು ಮೇಲೆ ತಾವೇ ಓಡಾಡೋ ಗಂಟ ಬುಟ್ಬುಡಿ. ನಾನೇ ಬಂದು ಹಾಕ್ಕೊಡ್ತೀನಿ."

ಕೂಲಿ ಒಂದು ದಿನ ತಪ್ಪಿದರೂ ಪರವಾಗಿಲ್ಲ ಅಂತ ಇಳಿದು ಹೋದರು. ನಾವು 7 ವಾರ ಕಾದೆವು. ಅಳಿಲು ಸಾಮಾನ್ಯವಾಗಿ 2-3 ಮರಿ ಹಾಕುತ್ತದೆ, ಅವು ತಾಯಿಹಾಲು ಬಿಟ್ಟು ತಾವಾಗಿ ತಿಂದುಕೊಂಡು ಓಡಾಡುವ ಹೊತ್ತಿಗೆ ಹುಟ್ಟಿ ಎರಡು, ಎರಡೂವರೆ ತಿಂಗಳಾಗುತ್ತದೆ. ನಮ್ಮ ಕಡೆ ಇಂಥ ತಿಂಗಳಲ್ಲಿ ಮರಿ ಇರುವುದೇ ಇಲ್ಲ ಅಂತ ಧೈರ್ಯ ಮಾಡುವ ಹಾಗಿಲ್ಲ. ಆದ್ದರಿಂದ ಯಾವಾಗಲೂ ಕೇಳಿಸಿಕೊಳ್ಳಬೇಕು. ಮುಸ್ಸಂಜೆ ಮತ್ತು ಬೆಳಗಿನ ಜಾವ ಮನೆ ನಿಶ್ಶಬ್ದವಾಗಿದ್ದಾಗ ಸಣ್ಣಗೆ ಚಿಂವ್ ಅನ್ನುವ ದನಿ ಬಂದರೆ ಮರಿ ಇವೆ ಅಂತಲೇ ಅರ್ಥ. ಅಷ್ಟು ದಿನ ಕಾಯುವ ಹಾಗೇ ಇಲ್ಲವೆಂದರೆ ಹಗಲಲ್ಲಿ ಗೂಡಿನ ಹತ್ತಿರ ಒಂದು ಬಲ್ಬು ಹಾಕಿ, ರೇಡಿಯೋ ಹಚ್ಚಿಡಿ. ಎಷ್ಟೋ ಸಲ ಆ ಗಲಾಟೆಗೆ ತಾಯಿಯೇ ಮರಿಗಳನ್ನು ಬೇರೆ ಕಡೆ ಹೊತ್ತೊಯ್ಯುತ್ತದೆ.

ಖಾಲಿಯಾಯಿತು ಅಂತ ತಿಳಿಯುವುದು ಹೇಗೆ? ಇದೂ ಮೇಸ್ತ್ರಿ ಹೇಳಿದ್ದೇ. ಹಳೇ ಪೇಪರನ್ನು ಉಂಡೆ ಮಾಡಿ ತೂತಿಗೆ ಸಡಿಲವಾಗಿ ತುರುಕಿಡಿ. ಒಳಗಿರುವುದು ಹೊರಗೆ ತಳ್ಳುತ್ತದೆ, ಹೊರಗಿರುವುದು ಒಳಗೆ ಎಳೆಯುತ್ತದೆ. 3 ದಿನ ಉಂಡೆ ಮಿಸುಕದಿದ್ದರೆ ಅಲ್ಲಿ ಯಾರೂ ಇಲ್ಲ. ಮರಿ ಇಲ್ಲ, ದೊಡ್ಡವು ಮಾತ್ರ ಹೋಗಿ ಬಂದು ಮಾಡುತ್ತಿವೆ ಅಂತ ಖಾತ್ರಿಯಿದ್ದರೆ, ಜಾಲರಿಯ ತುಂಡೊಂದನ್ನು ಮೇಲ್ಗಡೆ ಮಾತ್ರ ತಂತಿಯಿಂದ ಕಟ್ಟಿ ತೂತಿನ ಮುಂದೆ ಇಳಿಬಿಡಿ. ತಳ್ಳಿಕೊಂಡು ಹೊರಗೆ ಬರುತ್ತವೆ, ಒಳಗೆ ಹೋಗಲು ಬರುವುದಿಲ್ಲ.

ಆಮೇಲೆ ಜಾಲರಿ ಹೊಡೆಯಿರಿ, ಮಧ್ಯಾಹ್ನದ ಹೊತ್ತಿನಲ್ಲಿ. ರಾತ್ರಿ ಅವು ಗೂಡಿನಲ್ಲಿರುತ್ತವೆ. ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಹಾಕಿ ಬಾಗಿಲು ಹಾಕಿಕೊಂಡೆ ಅಂತ ನೆಮ್ಮದಿಯಾಗಿ ಮಲಗಬೇಡಿ, ಅದನ್ನು ಒಂದೇ ದಿನದಲ್ಲಿ ಕತ್ತರಿಸಿ ಹಾಕುತ್ತವೆ. ಥರ್ಮಾಕೋಲು, ಬಟ್ಟೆ, ಫೋಮು ಯಾವುದೂ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಕೇಳಿ. ತೂತಿಗಿಂತ ಸುತ್ತಲೂ 2 ಇಂಚು ದೊಡ್ಡದಾಗಿ ಕತ್ತರಿಸಿ, ಸ್ಕ್ರೂ ಜೊತೆಗೆ ವಾಷರ್ ಹಾಕಿ ಬಿಗಿಯಿರಿ. ಬರೀ ಮೊಳೆ ಹೊಡೆದರೆ ಅಂಚಿನಲ್ಲಿ ಎತ್ತಿಬಿಡುತ್ತವೆ. ಗಾಳಿಯೂ ಆಡುತ್ತದೆ, ಬೆಳಕೂ ಬರುತ್ತದೆ. ಎಸಿ ಪೈಪು ಹೋಗುವ ತೂತು, ವಾಷಿಂಗ್ ಮಷಿನ್ ನೀರು ಹೋಗುವ ತೂತು, ಶೀಟಿನ ಅಂಚು ಇವನ್ನೆಲ್ಲ ಅದೇ ದಿನ ನೋಡಿ ಮುಗಿಸಿ, ಇಲ್ಲದಿದ್ದರೆ ಇಲ್ಲಿ ಬಿಟ್ಟದ್ದು ಅಲ್ಲಿ ಸೇರಿಕೊಳ್ಳುತ್ತದೆ. ಮಾಡಿಗೆ ತಾಗುವ ಕೊಂಬೆಗಳನ್ನು ಗೂಡಿಲ್ಲವೆಂದು ನೋಡಿಕೊಂಡು ಸವರಿಸಿ. ಕಾಳು ಹಾಕುವ ಅಭ್ಯಾಸವಿದ್ದರೆ ಕಿಟಕಿಯ ಹತ್ತಿರ ಬೇಡ, ಕಾಂಪೌಂಡಿನ ಮೂಲೆಗೆ ಹಾಕಿ.

ಇಷ್ಟು ಲಕ್ಷ ಸುರಿದು ಮನೆ ಕಟ್ಟಿಸುತ್ತೇವೆ, ಗ್ರಾನೈಟ್‌ನ ಬಣ್ಣ ಆರಿಸಲು ವಾರಗಟ್ಟಲೆ ಅಲೆಯುತ್ತೇವೆ. ವೆಂಟಿಲೇಟರಿಗೆ ಒಂದು ಅಡಿ ಜಾಲರಿ ಹಾಕಿಸಲು ಯಾರಿಗೂ ನೆನಪಾಗುವುದಿಲ್ಲ. ತೂತು ಬಿಟ್ಟವರು ನಾವು.

ಅಂಟಿನ ಹಲಗೆಯ ವಿಷಯ. ದಯವಿಟ್ಟು ಬೇಡ. ಅದಕ್ಕೆ ಸಿಕ್ಕಿದ ಪ್ರಾಣಿ ತಕ್ಷಣ ಸಾಯುವುದಿಲ್ಲ. ಕಿತ್ತುಕೊಳ್ಳಲು ಹೋಗಿ ಚರ್ಮ ಸುಲಿದುಕೊಂಡು, ನೀರಿಲ್ಲದೆ ಗಂಟೆಗಟ್ಟಲೆ ನರಳುತ್ತದೆ. ಹಲ್ಲಿ, ಗುಬ್ಬಿ ಕೂಡ ಅಂಟಿಕೊಳ್ಳುತ್ತವೆ. ಪ್ರಾಣಿಗಳನ್ನು ಹಿಂಸಿಸಬಾರದು ಅಂತ 1960ರಿಂದ ಕಾನೂನಿದೆ. ಅಷ್ಟಾದರೂ ಅದನ್ನು ಕೊಂಡು ತಂದಿಡುತ್ತೇವಲ್ಲ ಅಂತ ಹೊಟ್ಟೆ ಉರಿಯುತ್ತದೆ. ಆಗಲೇ ಏನಾದರೂ ಅಂಟಿಕೊಂಡಿದ್ದರೆ ಎಳೆಯಬೇಡಿ, ಅಡುಗೆ ಎಣ್ಣೆ ಸವರಿ ನಿಧಾನವಾಗಿ ಬಿಡಿಸಿ. ನುಸಿಗುಳಿಗೆಯ ಆವಿ ಮನೆಯ ಮಕ್ಕಳಿಗೂ ಒಳ್ಳೆಯದಲ್ಲ. ಬೋನಿನಲ್ಲಿ ಹಿಡಿದು ದೂರ ಬಿಟ್ಟು ಬಂದರೆ ತೂತು ಹಾಗೇ ಇರುತ್ತದೆ, ಇನ್ನೊಂದು ಬಂದು ಸೇರುತ್ತದೆ.

ಕೋಣೆಯೊಳಗೆ ದಾರಿ ತಪ್ಪಿ ಬಂದ ಅಳಿಲಾದರೆ ಮೊದಲು ಫ್ಯಾನ್ ಆಫ್ ಮಾಡಿ. ಒಳಬಾಗಿಲು ಮುಚ್ಚಿ, ಕಿಟಕಿ ತೆರೆದಿಟ್ಟು ನೀವು ಆಚೆ ಬನ್ನಿ. ಪೊರಕೆ ಹಿಡಿದು ಅಟ್ಟಾಡಿಸಬೇಡಿ.

ಕೆಳಗೆ ಬಿದ್ದ ಮರಿ ಸಿಕ್ಕಿದರೆ, ಮನುಷ್ಯರು ಮುಟ್ಟಿದ್ದನ್ನು ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ನಂಬಬೇಡಿ. ನಮ್ಮ ಚಪ್ಪಲಿ ಡಬ್ಬಿಯಿಂದ ಎತ್ತಿಕೊಂಡು ಹೋಯಿತಲ್ಲ! ಹಸುವಿನ ಹಾಲು ಬಾಯಿಗೆ ಹಾಕಬೇಡಿ. ಬೆಕ್ಕು ಬಾರದ ಹಾಗೆ, ಗೂಡಿನ ಹತ್ತಿರವೇ ಬೆಚ್ಚಗೆ ಇಟ್ಟು ಕಾಯಿರಿ. ಸಂಜೆಯಾದರೂ ತಾಯಿ ಬರದಿದ್ದರೆ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಇದೆ.

ಗುಂಪಿನಲ್ಲಿ ಕೇಳಿದ್ದವರು ಇವತ್ತು ಬೆಳಗ್ಗೆ ಫೋನ್ ಮಾಡಿದ್ದರು. ರಾತ್ರಿ ಗೀಸರ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಬಾತ್‌ರೂಮಿನಲ್ಲಿ ಹತ್ತು ನಿಮಿಷ ನಿಂತು ಕೇಳಿಸಿಕೊಂಡರಂತೆ. ಮರಿ ಇವೆ. ಕರೆಸಿದ್ದ ಗಾರೆಯವನಿಗೆ ಎರಡು ತಿಂಗಳು ಬಿಟ್ಟು ಬಾ ಅಂತ ಹೇಳಿ ಕಳಿಸಿದ್ದಾರೆ. ನಂಜನಗೂಡಿನ ಮನೆಗೆ ತಂದದ್ದರಲ್ಲಿ ಉಳಿದ ಜಾಲರಿ ನಮ್ಮ ಅಟ್ಟದಲ್ಲಿದೆ. ಸಂಜೆ ಅವರ ವೆಂಟಿಲೇಟರಿನ ಅಳತೆ ತೆಗೆದುಕೊಂಡು ಬರಬೇಕು.